ಎಲ್ಲಿ ಉದ್ದವಾಯಿತು

ಪೆರ್ಲದ ಹಾಲಿನ ಸೊಸೈಟಿಯ ಮಾಳಿಗೆಯಲ್ಲಿ
ಹೊಲಿಗೆ ಕ್ಲಾಸಿನ ಮೆಷಿನುಗಳನ್ನು ಮೂಲೆಗೊತ್ತಿ
ನಲವತ್ತು ಕುರ್ಚಿ ಹಾಕಿದೆವು.
ಬಂದವರು ಇಪ್ಪತ್ತಾರು, ಮಕ್ಕಳನ್ನು ಬಿಟ್ಟು.
ಪರದೆ ಯಾಕೆ, ಸುಣ್ಣದ ಗೋಡೆ ಸಾಕೆಂದ ಅಶ್ರಫ್.
ಕ್ಯಾಲೆಂಡರಿನ ಮೊಳೆಯೊಂದು ಎಷ್ಟು ಎಳೆದರೂ ಬರಲಿಲ್ಲ.
ಹಾಗಾಗಿ ನನ್ನ ಚಿತ್ರದಲ್ಲಿ ಯಾರು ಹತ್ತಿರ ಬಂದರೂ
ಹಣೆಯ ನಡುವೆ ಒಂದು ಮೊಳೆ.

ಕೈಗೊಂದು ಹಾಳೆ, ಒಂದು ಮೋಟು ಪೆನ್ಸಿಲು:
ಎಲ್ಲಿ ಉದ್ದವಾಯಿತು? ಎಲ್ಲಿ ಅರ್ಥವಾಗಲಿಲ್ಲ?
ಹತ್ತರಲ್ಲಿ ಎಷ್ಟು?
ಮುಂಬಯಿಯ ಕಂಪೆನಿಗೆ ಕಳಿಸುವ ಮೊದಲು
ಗುರುತಿಲ್ಲದವರಿಗೆ ತೋರಿಸು ಅಂದಿದ್ದಳು ಎಡಿಟರ್ ಜೋಯ್ಲಿನ್.
ಪೆರ್ಲದಲ್ಲಿ ನನ್ನ ಗುರುತಿಲ್ಲದವರನ್ನು
ಎಲ್ಲಿಂದ ತರಲಿ?

ನಾಲ್ಕು ವರ್ಷ, ಚಿಕ್ಕಮ್ಮನ ಎರಡು ಬಳೆ,
ಎಪ್ಪತ್ತೆಂಟು ನಿಮಿಷ.
ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ತರುವ
ಚನಿಯಣ್ಣನ ಚಿತ್ರ.
ಒಂಬತ್ತು ಸುರಂಗ. ಒಂಬತ್ತರಲ್ಲೂ ನೀರು.

ನಾನು ಗೋಡೆ ನೋಡಲಿಲ್ಲ, ಹಿಂದೆ ಕೂತು
ಕುತ್ತಿಗೆಗಳನ್ನು ನೋಡಿದೆ.
ಹದಿನಾಲ್ಕನೆಯ ನಿಮಿಷಕ್ಕೆ ಭೂಗರ್ಭಶಾಸ್ತ್ರದ ಪ್ರೊಫೆಸರು ಬಾಯಿ ತೆರೆದರು,
ಆರು ಕುತ್ತಿಗೆ ಬಗ್ಗಿತು, ಮೂರು ಮೊಬೈಲು ಬೆಳಗಿತು.
ಅದನ್ನು ಕತ್ತರಿಸೆಂದು ಜೋಯ್ಲಿನ್ ವರ್ಷದಿಂದ ಗೋಗರೆದಿದ್ದಳು.
ನನಗೆ ಮನಸ್ಸು ಬರಲಿಲ್ಲ,
ಅವರ ಮನೆಯಲ್ಲಿ ನಾವು ಊಟ ಮಾಡಿದ್ದೆವು.
ಕೆಸರಿನಲ್ಲಿ ಚನಿಯಣ್ಣನ ಕಾಲು ಹೂತಾಗ
ಮಕ್ಕಳು ಬಿದ್ದು ಬಿದ್ದು ನಕ್ಕರು.
ಅಳು ಬರಬೇಕೆಂದು ನಾನು ಕೊಳಲು ಹಾಕಿದಲ್ಲಿ
ಒಬ್ಬರೆದ್ದು ಹಾಲಿನ ವ್ಯಾನು ಬಂತಾ ನೋಡಿದರು.

ದೀಪ ಹಾಕಿದೆವು.
ಸಬ್‌ಟೈಟಲಿನಲ್ಲಿ ಮೂರು ಕಾಗುಣಿತ ತಪ್ಪು, ಅಂದರು ಖಂಡಿಗೆ ಮಾಷ್ಟ್ರು.
ಮೇಲಿಂದ ಡ್ರೋನಿನಲ್ಲಿ ತೆಗೆದರೆ ಸಕತ್ತಾಗಿರ್ತದೆ, ಅಂದ ಹುಡುಗ.
ಗುಡ್ಡದೊಳಗನ್ನು ಮೇಲಿಂದ? ಅಂದಳು ಅವನ ಅಕ್ಕ.

ಬಾಗಿಲ ಬಳಿ ಇಸ್ತ್ರಿಯ ಅಂಗಿಯಲ್ಲಿ ನಿಂತೇ ನೋಡಿದ ಚನಿಯಣ್ಣ
ಮೆತ್ತಗೆ ಹೇಳಿದ: ಬೊಳ್ಪು ಜಾಸ್ತಿ ಆಂಡ್.
ಬೆಳಕು ಹೆಚ್ಚಾಯಿತು.
ಒಳಗೆ ಅಷ್ಟು ಬೆಳಕು ಕಂಡರೆ ನಾನು ಓಡುತ್ತಿದ್ದೆ
ಗುಡ್ಡ ಎಲ್ಲೋ ಜರಿದಿದೆ ಅಂತ.
ನಮ್ಮದು ಮೇಣದ ಬತ್ತಿ. ಅದು ಕುಗ್ಗಿದರೆ
ಉಸಿರು ಸಾಲದು, ಹಿಂದೆ ಬರಬೇಕು.
ನಿಮ್ಮದು ಕುಗ್ಗುವುದೇ ಇಲ್ಲವಲ್ಲ.

ನಾನು ಬರೆದುಕೊಂಡೆ. ಬರೆದುಕೊಳ್ಳುವುದು ಸುಲಭ.
ಆಗ ಎರಡನೆಯ ಸಾಲಿನಿಂದ ಆಸಿಯಮ್ಮ,
ಹಾಳೆಯನ್ನು ಬೀಸಣಿಗೆ ಮಾಡಿಕೊಂಡಿದ್ದವರು:
ನನ್ನ ಸುರಂಗ ಯಾಕೆ ಇಲ್ಲ?

ನಿಮ್ಮದರಲ್ಲಿ ನೀರು ಬರಲಿಲ್ಲವಲ್ಲ, ಇತ್ತಾ?

ಬರಲಿಲ್ಲ. ನೂರಾಹತ್ತು ಕೋಲು ಅಗೆದ.
ಎರಡು ಬೇಸಗೆ ನಾನು ಗಂಜಿ ಹೊತ್ತಿದ್ದೇನೆ.
ಕೊನೆಗೆ ಕೂಲಿ ಬೇಡ ಅಂದ, ನಾನು ಎಸೆದು ಬಂದೆ, ಅವನ ಜಗಲಿಗೆ.
ನೀರು ಬರಲಿಲ್ಲ ಅಂತ
ಅಗೆದದ್ದು ಸುಳ್ಳಾ ಮೋಳೇ?

ಯಾರೂ ಮಾತಾಡಲಿಲ್ಲ. ಚನಿಯಣ್ಣ
ತನ್ನ ಉಗುರು ನೋಡುತ್ತಿದ್ದ.
ನಾಲ್ಕು ವರ್ಷದಲ್ಲಿ ಅವನೂ ಹೇಳಿರಲಿಲ್ಲ,
ನಾನೂ ಕೇಳಿರಲಿಲ್ಲ.

ಕುರ್ಚಿ ಮಡಚುವಾಗ ಹಾಳೆಗಳನ್ನು ಒಟ್ಟು ಮಾಡಿದೆ.
ಏಳು, ಎಂಟು, ಎಂಟು, ಒಂದರಲ್ಲಿ ಬೆಕ್ಕಿನ ಚಿತ್ರ.
ಒಂದರಲ್ಲಿ ಅಕ್ಷರವೇ ಇಲ್ಲ, ಬರೀ ಗೆರೆ:
ನೇರ ಹೋಗಿ, ಎಡಕ್ಕೆ ಹೊರಳಿ, ಮತ್ತೆ ಹೊರಳಿ
ಹಾಳೆಯ ಅಂಚಿಗೆ ಮುಟ್ಟುವ ಮೊದಲೇ ನಿಂತಿದೆ.
ಯಾರದು ಅಂತ ಕೇಳಬೇಕಾಗಲಿಲ್ಲ.

ರಾತ್ರಿ ಜೋಯ್ಲಿನ್ ಫೋನು:
ಪ್ರೊಫೆಸರು ಹೋದರಾ?
ಹೋದರು. ಕೊಳಲೂ ಹೋಯಿತು.
ಹಾಗಾದರೆ ಐವತ್ತೆರಡು ನಿಮಿಷಕ್ಕೆ ಬರ್ತದೆ, ಚಾನೆಲ್ಲಿನವರಿಗೆ ಅದೇ ಬೇಕು,
ನಾಳೆ ಕಳಿಸುವಾ.

ಇಲ್ಲ, ಇನ್ನೊಂದು ಸುರಂಗ ಸೇರಿಸಲಿಕ್ಕುಂಟು. ಒಣಗಿದ್ದು.
ಲೈಟು ಬೇಡ, ಒಂದು ಬತ್ತಿ ಸಾಕು.

ಎಷ್ಟು ಉದ್ದ?

ನೂರಾಹತ್ತು ಕೋಲು ಅಂದೆ.
ಅವಳು ನಿಮಿಷ ಕೇಳಿದ್ದಳು.